ಸಹಿ ಇಲ್ಲದ ಹಸಿರು

ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಸ್ಟೀಲ್ ಲೋಟಗಳಲ್ಲಿ ನಮ್ಮ ಮನೆಯವರು ಈಗಲೂ ಚಹಾ ಕುಡಿಯುತ್ತಾರೆ. ಆ ಗೆಲುವುಗಳಿಂದಾದ ಪ್ರಯೋಜನ ಅಷ್ಟೇ. ಡಿಗ್ರಿ ಮುಗಿದ ಮೇಲೆ ನಾನು ಸೇರಿದ್ದು ಮೂಡುಬಿದಿರೆಯ ಒಂದು ಶಿಕ್ಷಣ ಟ್ರಸ್ಟಿನ ಆಫೀಸಿಗೆ, ಗುಮಾಸ್ತನಾಗಿ. ಟ್ರಸ್ಟಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಪಿಯು ಕಾಲೇಜುಗಳಿದ್ದವು. ನಮ್ಮ ಮನೆ ಬೆಳ್ತಂಗಡಿಯಲ್ಲಿ. ನನ್ನ ತಂಗಿ ಅಲ್ಲಿಯ ಕಾಲೇಜಿನಲ್ಲೇ ಎರಡನೇ ಪಿಯುಸಿ ಓದುತ್ತಿದ್ದಳು.

ಎರಡು ಸಾವಿರದ ಆಚೀಚಿನ ಮಾತು ಇದು. ಪರೀಕ್ಷೆಗೆ ಮೊದಲು ಮೂರು ಕಾಲೇಜುಗಳಿಂದಲೂ ಹಾಜರಿಯ ಎಕ್ಸೆಲ್ ಶೀಟು ಫ್ಲಾಪಿಯಲ್ಲಿ ಬಸ್ಸು ಹತ್ತಿ ನಮ್ಮ ಆಫೀಸಿಗೆ ಬರುತ್ತಿತ್ತು. ಹಾಜರಿ ಸಾಲದವರ ಹೆಸರು ಇಲ್ಲಿಂದ ಬೋರ್ಡಿಗೆ ಹೋಗುತ್ತಿತ್ತು, ಹೆಸರು ಹೋದವರಿಗೆ ಹಾಲ್ ಟಿಕೆಟ್ ಇಲ್ಲ. ಬೆಳ್ತಂಗಡಿಯವರದ್ದು ಒಂದು ಪದ್ಧತಿ. ಹಾಜರಿ ಕಡಿಮೆಯಿದ್ದರೂ ಕಾರಣ ನ್ಯಾಯವಾದದ್ದು ಎಂದು ಪ್ರಿನ್ಸಿಪಾಲರಿಗೆ ಕಂಡರೆ, ಆ ಹೆಸರಿನ ಸಾಲಿಗೆ ತಿಳಿಹಸಿರು ಬಣ್ಣ ತುಂಬಿಸುವುದು. ಕಾರಣ ಬರೆಯುವುದಿಲ್ಲ, ಸಹಿ ಹಾಕುವುದಿಲ್ಲ. ಹಸಿರು ಕಂಡರೆ ಬಿಟ್ಟುಬಿಡಬೇಕು ಎಂಬುದು ನಮ್ಮ ಹಳೆಯ ಹೆಡ್‌ಕ್ಲಾರ್ಕಿಗೆ ಗೊತ್ತಿತ್ತು. ಒಂದು ವರ್ಷ ಅವರು ನಿವೃತ್ತರಾಗಿ ಹೋದರು.

ಆ ವರ್ಷ ಹಸಿರಾದವರಲ್ಲಿ ನನ್ನ ತಂಗಿಯೂ ಒಬ್ಬಳು. ಅವಳಿಗೆ ಕಾಮಾಲೆಯಾಗಿತ್ತು. ಆಸ್ಪತ್ರೆಗೆ ಹೋಗುವ ಎಂದು ನಾನು ವಾದಿಸಿದೆ. ಕಾಮಾಲೆಗೆ ಇಂಗ್ಲಿಷ್ ಮದ್ದು ಇಲ್ಲ ಎಂದು ಅಮ್ಮ, ನೆರೆಮನೆಯವರು, ಕೊನೆಗೆ ಸ್ವತಃ ಪ್ರಿನ್ಸಿಪಾಲರು ಹೇಳಿದರು. ಸಿದ್ಧಕಟ್ಟೆಯಲ್ಲಿ ಬೇರು ಅರೆದು ಕೊಡುವ ಅಜ್ಜಿಯ ಮನೆಗೆ ದಾರಿ ಹೇಳಿಕೊಟ್ಟವರೂ ಅವರೇ. ಮದ್ದು, ಪಥ್ಯ, ವಿಶ್ರಾಂತಿ ಎಂದು ತಂಗಿ ಮನೆಯಲ್ಲಿ ಮಲಗಿದಳು. ವಾಸಿಯಾಯಿತು, ಮದ್ದಿನಿಂದಲೋ ಮಲಗಿದ್ದರಿಂದಲೋ ಎಂದು ನಾನು ಕೇಳಿದ್ದಕ್ಕೆ ಅಮ್ಮ ನನಗೆ ಒಂದು ಹೊತ್ತು ಊಟ ಬಡಿಸಲಿಲ್ಲ. ಆದರೆ ಬೇರು ಅರೆಯುವ ಅಜ್ಜಿ ಮೆಡಿಕಲ್ ಸರ್ಟಿಫಿಕೇಟ್ ಕೊಡುತ್ತಾರೆಯೇ? ಆ ಪ್ರಶ್ನೆ ಆಗ ಯಾರಿಗೂ ಹೊಳೆಯಲಿಲ್ಲ. ಹಸಿರು ಉಂಟಲ್ಲ!

ನಮ್ಮ ಮ್ಯಾನೇಜರಿಗೆ ಮೂರು ಕಾಲೇಜಿನ ಶೀಟುಗಳೂ ಒಂದೇ ತರಹ ಕಾಣಬೇಕೆಂಬ ಆಸೆ ಹುಟ್ಟಿತು. "ಈಗ ಮೂರು ತಾಯಿಯ ಮಕ್ಕಳ ಹಾಗೆ ಉಂಟು" ಎಂದರು. ಮೂಡುಬಿದಿರೆಯ ಶೀಟೇ ಮಾದರಿ: ನೀಲಿ ತಲೆಬರಹ, ದಪ್ಪ ಗೆರೆ, ಉಳಿದದ್ದೆಲ್ಲ ಬಿಳಿ. ಕೆಲಸ ಕಂಪ್ಯೂಟರ್ ಮಾಸ್ಟರಿಗೆ ಬಿತ್ತು. ಅವರು ಮ್ಯಾಕ್ರೊ ಮಾಡಿದರು. ಒಂದು ಸಲ ಮಾಡಿ ತೋರಿಸಿದ ಕೆಲಸವನ್ನು ಕಂಪ್ಯೂಟರ್ ನೆನಪಿಟ್ಟುಕೊಂಡು, ಕೀಲಿ ಒತ್ತಿದಾಗಲೆಲ್ಲ ತಾನೇ ಮಾಡುವುದು ಮ್ಯಾಕ್ರೊ. ಇವರು ಮಾಡಿ ತೋರಿಸಿದ್ದು ಇಷ್ಟು: ಮಾದರಿ ಶೀಟನ್ನು ಪೂರ್ತಿ ಕಾಪಿ ಮಾಡುವುದು, ಇನ್ನೊಂದು ಶೀಟಿಗೆ ಹೋಗಿ ಅಕ್ಷರ ಅಂಕಿ ಮುಟ್ಟದೆ ಮಾದರಿಯ ವೇಷವನ್ನು ಮಾತ್ರ ಅಂಟಿಸುವುದು.

"ಸರ್, ವೇಷ ಅಂದ್ರೆ ಬಣ್ಣವೂ ಬಂತು. ಬೆಳ್ತಂಗಡಿಯ ಹಸಿರು ಅಳಿಸಿ ಹೋಗ್ತದೆ" ಎಂದೆ.

"ಹೋಗ್ಲಿ. ಶೀಟು ಎಂತ ಬತ್ತದ ಗದ್ದೆಯಾ, ಹಸಿರು ಇರ್ಲಿಕ್ಕೆ?" ಎಂದರು ಮಾಸ್ಟರು. ಆಫೀಸು ನಕ್ಕಿತು.

"ಆ ಹಸಿರಿಗೆ ಅರ್ಥ ಉಂಟು. ಆ ಮಕ್ಕಳಿಗೆ ಪ್ರಿನ್ಸಿಪಾಲ್ರು ವಿನಾಯಿತಿ ಕೊಟ್ಟಿದ್ದಾರೆ. ಗೆರೆ, ಕಾಲಮಿನ ಅಗಲ ಮಾತ್ರ ಹೋಗುವ ಹಾಗೆ ಮ್ಯಾಕ್ರೊ ಬರೆಯಿರಿ. ಆಗ್ತದಲ್ಲ?"

"ಆಗ್ತದೆ. ಯಾಕೆ ಬರೀಬೇಕು?"

ಆಗ ಮ್ಯಾನೇಜರು ತಲೆಯೆತ್ತಿದರು. "ನಿನ್ನ ತಂಗಿ ಅಲ್ಲಿಯೇ ಅಲ್ವಾ ಓದುದು?"

"ಹೌದು. ಅವಳ ಹೆಸರೂ ಹಸಿರಲ್ಲೇ ಉಂಟು."

"ಹಾಗೆ ಹೇಳು ಮಾರಾಯ!"

ಅಲ್ಲಿಗೆ ವಾದ ಮುಗಿಯಿತು. ಹೇಳಿದವನಿಗೆ ಲಾಭವಿದ್ದರೆ ಹೇಳಿದ ಮಾತು ಸುಳ್ಳಾಗುವುದಿಲ್ಲ ಎಂಬುದನ್ನು ಚರ್ಚಾಸ್ಪರ್ಧೆಯ ಮೊದಲ ಪಾಠದಲ್ಲೇ ಕಲಿಸುತ್ತಾರೆ. ಆದರೆ ಆ ಪಾಠ ಕಲಿತವರು ತೀರ್ಪುಗಾರರ ಕುರ್ಚಿಯಲ್ಲಿ ಇರುವುದು ಸ್ಪರ್ಧೆ ನಡೆಯುವಾಗ ಮಾತ್ರ. ಮಾಸ್ಟರು ಕೀಲಿ ಒತ್ತಿದರು. ಬೆಳ್ತಂಗಡಿ ಕಣ್ಣೆದುರೇ ಬಿಳಿಯಾಯಿತು. ಮ್ಯಾಕ್ರೊ ಮಾಡಿದ್ದನ್ನು ಅನ್‌ಡೂ ಒತ್ತಿ ಹಿಂದೆ ತರಲಿಕ್ಕೂ ಆಗುವುದಿಲ್ಲ. ಮಾಸ್ಟರು ಅದನ್ನೂ ಹೆಮ್ಮೆಯಿಂದಲೇ ಹೇಳಿದರು.

ಬೆಳ್ತಂಗಡಿಯ ಕಂಪ್ಯೂಟರಿನಲ್ಲಿ ಮೂಲ ಶೀಟು ಹಸಿರಾಗಿಯೇ ಇತ್ತು. ಮರುದಿನವೇ ಅದನ್ನು ಇನ್ನೊಂದು ಫ್ಲಾಪಿಯಲ್ಲಿ ತಂದು ಮ್ಯಾನೇಜರಿಗೆ ತೋರಿಸಿದೆ.

"ಬಣ್ಣಕ್ಕೆ ಎಂತ ಸಾಕ್ಷಿ? ನಿನ್ನೆ ರಾತ್ರಿ ನೀನೇ ಬಳಿದಿರಬಹುದು" ಎಂದರು. "ಪ್ರಿನ್ಸಿಪಾಲ್ರ ಹತ್ರ ಒಂದು ಸಾಲು ಬರೆಸಿ ತಾ. ನಾಳಿದ್ದು ಲಿಸ್ಟು ಹೋಗ್ತದೆ."

ನನಗೆ ಕಹಿಯಾದದ್ದು ಈ ಮಾತಿನಲ್ಲಿ ನ್ಯಾಯವಿತ್ತು ಎಂಬುದು. ನನ್ನ ಎದುರು ಪಕ್ಷದಲ್ಲಿ ನಾನೇ ಇದ್ದಿದ್ದರೆ ಅದನ್ನೇ ಕೇಳುತ್ತಿದ್ದೆ.

ಪ್ರಿನ್ಸಿಪಾಲರ ಮನೆಗೆ ಸಂಜೆ ಹೋದೆ. ಚಹಾ ಕೊಡಿಸಿದರು, ತಂಗಿಯ ಆರೋಗ್ಯ ವಿಚಾರಿಸಿದರು. ವಿಷಯ ಹೇಳಿದಾಗ ಮುಖ ಸಣ್ಣದಾಯಿತು.

"ನಾನು ಹಸಿರು ಮಾಡ್ಸಿದ್ದೆನಲ್ಲ."

"ಅದು ಈಗ ಇಲ್ಲ ಸರ್. ನೀವು ಬರೆದು ಕೊಡಬೇಕು."

"ಎಂತ ಅಂತ ಬರೀಲಿ? ಬೇರಿನ ಮದ್ದಿಗೆ ರಜೆ ಕೊಟ್ಟೆ ಅಂತಲಾ? ನಾಳೆ ಇನ್ಸ್‌ಪೆಕ್ಷನ್‌ಗೆ ಬಂದವರು ಕೇಳಿದ್ರೆ?"

"ಕಾಯಿಲೆ ನಿಜವಾ, ಅಲ್ವಾ?"

"ನಿಜ."

"ವಿನಾಯಿತಿ ಕೊಟ್ಟದ್ದು ನೀವಾ, ಅಲ್ವಾ?"

"ನಾನೇ."

"ಹಾಗಾದ್ರೆ ನಿಜವನ್ನು ಬರೀಲಿಕ್ಕೆ ಎಂತ ಅಡ್ಡಿ?"

"ನೀನು ಹೇಳುದು ಎಲ್ಲ ಸರಿ ಮಾರಾಯ. ಒಂದು ಮಾತೂ ತಪ್ಪಿಲ್ಲ. ಆದ್ರೆ ಬರವಣಿಗೆ ಮಾತ್ರ ಬೇಡ. ಒಬ್ಬರಿಗೆ ಬರ್ದು ಕೊಟ್ರೆ ಎಲ್ಲರೂ ಬರ್ತಾರೆ."

ಎಲ್ಲರೂ ಬರಬೇಕಾದದ್ದೇ ತಾನೇ? ಅದನ್ನೂ ಕೇಳಿದೆ. ಅದಕ್ಕೂ ಸರಿ ಎಂದರು. ಆ ಮನುಷ್ಯ ಕೆಟ್ಟವರೇನಲ್ಲ. ಬೆಳ್ತಂಗಡಿಯ ಮಕ್ಕಳಿಗೆ ಅವರು ಮಾಡಿದ ಉಪಕಾರಗಳಿಗೆ ಲೆಕ್ಕವಿಲ್ಲ ಎಂದು ಜನ ಹೇಳುತ್ತಾರೆ. ನಾನು ಒಪ್ಪುತ್ತೇನೆ, ಲೆಕ್ಕವೇ ಇಲ್ಲ. ಇದು ಅವರು ಮಾಡಿದ್ದು ಎಂದು ಯಾರೂ ತೋರಿಸಲಾಗದ ಹಾಗೆ ಮಾಡುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಅಂಥ ದಯೆಯನ್ನು ಯಾವ ಮಾಸ್ಟರಾದರೂ ಒಂದು ಕೀಲಿಯಿಂದ ಅಳಿಸಬಹುದು. ಅಳಿಸಿದ ಮೇಲೆ ಕೊಟ್ಟವರೂ ಇಲ್ಲ, ಕಸಿದವರೂ ಇಲ್ಲ. ಕಳೆದುಕೊಂಡವರು ಮಾತ್ರ ಉಳಿಯುತ್ತಾರೆ.

ಗೇಟಿನವರೆಗೆ ಬಂದು ಬೀಳ್ಕೊಟ್ಟರು. "ಮುಂದಿನ ವರ್ಷ ಪರೀಕ್ಷೆಗೆ ಕಟ್ಟಲಿ, ಫಸ್ಟ್ ಕ್ಲಾಸ್ ಬರ್ತಾಳೆ" ಎಂದರು.

ಮನೆಯಲ್ಲಿ ತಂಗಿ ಜಗಲಿಯಲ್ಲಿ ಪುಸ್ತಕ ಹರಡಿಕೊಂಡು ಕೂತಿದ್ದಳು. ಕಣ್ಣಿನ ಹಳದಿ ಪೂರ್ತಿ ಹೋಗಿತ್ತು.

"ಎಂತ ಆಯ್ತು ಅಣ್ಣ? ಪ್ರಿನ್ಸಿಪಾಲ್ರು ಎಂತ ಹೇಳಿದ್ರು?"

"ನಾನು ಹೇಳಿದ್ದೆಲ್ಲ ಸರಿ ಅಂತ ಒಪ್ಪಿದ್ರು."

"ಬರ್ದು ಕೊಟ್ರಾ?"

"ಇಲ್ಲ."

ಅವಳು ಪುಸ್ತಕಗಳನ್ನು ಒಂದೊಂದಾಗಿ ಮುಚ್ಚಿ, ಎತ್ತಿಕೊಂಡು ಒಳಗೆ ಹೋದಳು.