ಪಾರಣೆಯಿಲ್ಲದ ಉಪವಾಸ

ನನ್ನ ಅಕ್ಕ ವಾರಿಜ ಬೈತಲೆ ತೆಗೆಯುವುದನ್ನು ನೀವು ನೋಡಬೇಕಿತ್ತು. ಗೆರೆ ಒಂದೆಳೆ ಕೂದಲಿನಷ್ಟು ವಾಲಿದರೂ ಹೆಣೆದ ಜಡೆಯನ್ನೆಲ್ಲ ಬಿಚ್ಚಿ ಮೊದಲಿನಿಂದ ಬಾಚುತ್ತಿದ್ದಳು. ಸಿದ್ಧಕಟ್ಟೆಯ ನಮ್ಮ ಮನೆಯವರು ಅದನ್ನು ಅಚ್ಚುಕಟ್ಟೆಂದು ಕೊಂಡಾಡುತ್ತಿದ್ದರು. ತರಗತಿಗೆ ಮೊದಲಿಗಳು, ಮೃದು ಮಾತಿನವಳು, ಯಾರಿಂದಲೂ ಗದರಿಸಿಕೊಂಡವಳಲ್ಲ. ಅಂಥವಳ ಒಳಗೇ ಗದರುವ ದನಿಯೊಂದು ಕೂತಿರಬಹುದೆಂದು ಯಾರು ಊಹಿಸಿಯಾರು?

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಹೈಸ್ಕೂಲಿಗೆಂದು ನಾವಿಬ್ಬರೂ ಮೂಡುಬಿದಿರೆಗೆ ಬಂದು, ಅಪ್ಪನ ಪರಿಚಯದ ಪದ್ಮಮ್ಮ ಎಂಬ ಜೈನ ಅಜ್ಜಿಯ ಮನೆಯಲ್ಲಿ ಉಳಿದಿದ್ದೆವು. ಆ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಕ್ಕ ಎರಡನೆಯವಳಾದಳು. ಅಳಲಿಲ್ಲ, ಸಂಜೆ ಊಟ ಬೇಡ ಎಂದಳು, ಅಷ್ಟೆ. ಮುಂದೆ ತೆಂಗಿನಕಾಯಿ ಹಾಕಿದ ಪದಾರ್ಥ ಬಿಟ್ಟಳು, ಬಳಿಕ ಬೆಲ್ಲ, ಬಳಿಕ ಅನ್ನ. ಕೊನೆಗೆ ಉಳಿದದ್ದು ಗಂಜಿಯ ತಿಳಿ ಮಾತ್ರ. ಬಸದಿಗಳ ಆ ಊರಲ್ಲಿ ಉಪವಾಸಕ್ಕೆ ಗೌರವವಿತ್ತು. "ಎಷ್ಟು ನಿಯಮ ಆ ಹುಡುಗಿಗೆ" ಎಂದು ನೆರೆಯವರು ಹೊಗಳಿದರು, ಅವಳು ಆ ಹೊಗಳಿಕೆಯನ್ನೇ ಉಂಡು ಇನ್ನಷ್ಟು ಸೊರಗಿದಳು.

ಒಂದು ಬೆಳಿಗ್ಗೆ ಶಾಲೆಯ ಪ್ರಾರ್ಥನೆಯಲ್ಲಿ ಕುಸಿದು ಬಿದ್ದಳು. ಡಾಕ್ಟರು ಜ್ವರವಿಲ್ಲವೆಂದು ಟಾನಿಕ್ಕು ಕೊಟ್ಟರು. ಊರಿಂದ ಓಡಿಬಂದ ಅಮ್ಮ ಅತ್ತಳು, ಬೈದಳು, ತುತ್ತು ಹಿಡಿದು ಬೇಡಿದಳು. ಅಕ್ಕನ ತುಟಿ ತೆರೆಯಲಿಲ್ಲ.

ಪದ್ಮಮ್ಮ ಮಾತ್ರ ಬೇಡಲಿಲ್ಲ. ತನ್ನದೊಂದು ವ್ರತ ಮುಗಿಸಿ ಹೆಸರುಬೇಳೆಯ ಗಂಜಿಯೆದುರು ಕೂತಾಗ ಅಕ್ಕನನ್ನು ಕರೆದರು.

"ಇವತ್ತು ನನ್ನ ಪಾರಣೆ, ಉಪವಾಸ ಬಿಡುವ ದಿನ. ನಮ್ಮ ಉಪವಾಸಕ್ಕೆ ಒಂದು ಕೊನೆ ಉಂಟು ಮಗಾ. ನಿನ್ನದಕ್ಕೆ ಯಾವಾಗ?"

ಅಕ್ಕ ಬಾಗಿಲ ಬಳಿಯೇ ನಿಂತಳು. "ಗೊತ್ತಿಲ್ಲ ಪದ್ಮಮ್ಮ. ಉಂಡರೆ ಸೋತ ಹಾಗೆ ಆಗ್ತದೆ."

"ಯಾರಿಗೆ ಸೋಲುವುದು?"

"ನನಗೇ."

ನಾನು ಉಪದೇಶವನ್ನು ನಿರೀಕ್ಷಿಸಿದ್ದೆ. ಅಜ್ಜಿ ಇನ್ನೊಂದು ಬಟ್ಟಲು ತಂದಿಟ್ಟು, "ಹಾಗಾದರೆ ಇಲ್ಲಿ ಕೂತ್ಕೋ. ಇಬ್ಬರೂ ಒಟ್ಟಿಗೆ ಸೋಲುವ" ಎಂದರು.

ಆ ದಿನ ಅಕ್ಕ ಉಂಡದ್ದು ಎರಡೋ ಮೂರೋ ಗುಟುಕು. ಮುಂದಿನ ತಿಂಗಳುಗಳಲ್ಲಿ ಕೈ ಎಷ್ಟೋ ಸಲ ಬಟ್ಟಲಿನಿಂದ ಹಿಂದೆ ಸರಿಯಿತು. ಆಗೆಲ್ಲ ಪದ್ಮಮ್ಮ ತನ್ನ ಅನ್ನ ಆರಿದರೂ ಉಣ್ಣದೆ ಕಾಯುತ್ತಿದ್ದರು. ವರ್ಷದ ಕೊನೆಯ ಪರೀಕ್ಷೆಗೆ ಅಕ್ಕ ಕೂರಲೇ ಇಲ್ಲ. ನೆಂಟರು ಗೊಣಗಿದರು. ಆಕಾಶವೇನೂ ಕಳಚಿ ಬೀಳಲಿಲ್ಲ, ಮತ್ತು ಅದು ಬೀಳದ್ದನ್ನು ಕಂಡು ಅತ್ಯಂತ ಬೆರಗಾದವಳು ಅವಳೇ.

ಇಂಥದ್ದಕ್ಕೆ ಈಗ ವೈದ್ಯರ ಬಳಿ ಹೆಸರಿದೆ. ಆಗ ನಮಗಿದ್ದದ್ದು ಹಟವೆಂಬ ಒಂದೇ ಪದ. ಆದರೆ ಗೆಳೆಯರೇ, ನಾವು ಮಕ್ಕಳಲ್ಲಿ ಮೆಚ್ಚುವ ಶ್ರದ್ಧೆ, ಶಿಸ್ತು, ಸಂಕೋಚಗಳೇ ವಿಶ್ರಾಂತಿ ಸಿಗದಾಗ ತಮ್ಮ ಒಡೆಯರನ್ನೇ ದುಡಿಸಿ ದಣಿಸುವುದುಂಟು. ಅಕ್ಕನಿಗೆ ಬೇಕಿದ್ದದ್ದು ಇನ್ನಷ್ಟು ಮನೋಬಲವಲ್ಲ, ಅದನ್ನು ಸ್ವಲ್ಪ ಹೊತ್ತು ಕೆಳಗಿಳಿಸಿಡುವ ಅನುಮತಿ.

ಕೆಲವು ವರ್ಷಗಳ ಬಳಿಕ ಅವಳು ವಾಮದಪದವು ಎಂಬ ಊರಿನಲ್ಲಿ ಟೀಚರಾದಳು. ಒಮ್ಮೆ ಹೋದಾಗ ನನಗೆಂದು ನೀರುದೋಸೆ ಹೊಯ್ಯುತ್ತಿದ್ದಳು. ಮೊದಲನೆಯದು ಕಾವಲಿಗೆ ಹಿಡಿದು ಚಿಂದಿಯಾಯಿತು. ನಾನು ಅವಳ ಮುಖ ನೋಡಿದೆ. ಅವಳು ಒಲೆಯ ಬಳಿ ನಿಂತೇ ಅದನ್ನು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, "ಉಪ್ಪು ಸರಿ ಉಂಟು" ಎಂದು ಇನ್ನೊಂದು ಸೌಟು ಹಿಟ್ಟು ಹೊಯ್ದಳು.