ಎಣ್ಣೆ ದೇಶದ ಗೇಟು, ಕನ್ನೊಳ್ಳಿಯ ಚರಗ

ಇಂಡಿ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ನನ್ನ ಕೈಗೆ ಶೂನ್ಯ ರೂಪಾಯಿಯ ಟಿಕೆಟ್ ಇಟ್ಟ. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿ ಎಷ್ಟೋ ದಿನವಾಯಿತು, ಆದರೂ ಪ್ರತಿ ಸಲ ಆ ಚೀಟಿಯನ್ನು ತಿರುಗಿಸಿ ನೋಡುತ್ತೇನೆ, ಹಿಂದೆ ಏನಾದರೂ ಬರೆದಿದ್ದಾರೋ ಎಂದು. ನಾನು ನಿಂಬೆಹಣ್ಣಿನ ವ್ಯಾಪಾರದವಳು. ಚೀಲದ ಮೇಲಿನ ಹಣ್ಣು ಚೆಂದ ಕಂಡರೆ ಮೊದಲು ಕೈ ಹಾಕುವುದು ತಳಕ್ಕೆ. ಮನೆಯವರು ನನಗೆ ‘ಪೊಲೀಸ್ ಫೌಜದಾರ’ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ.

ಹಬ್ಬಕ್ಕೆ ಎರಡು ದಿನ ಮೊದಲೇ ಹೊರಟಿದ್ದು ತವರಿಗೆ, ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಗೆ. ತಮ್ಮ ಸಿದ್ದು ಫೋನ್ ಮಾಡಿದ್ದ. “ಅಕ್ಕಾ, ಎಳ್ಳಮವಾಸಿಗೆ ಚರಗಾ ಚೆಲ್ಲಾಕ ಬಾ. ಬರೂವಾಗ ಆಧಾರ್ ಕಾರ್ಡ್ ತಗೊಂಡ ಬಾ.” ಎಳ್ಳಮಾವಾಸ್ಯೆಗೆ ನಮ್ಮಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಉಡಿ ತುಂಬಿ, ಕಡುಬು-ಪಲ್ಯ ಕಲಸಿ ಹೊಲದ ನಾಲ್ಕೂ ಮೂಲೆಗೆ ಚೆಲ್ಲುತ್ತೇವೆ, ಅಲ್ಲೇ ಉಣ್ಣುತ್ತೇವೆ. ಅದೇ ಚರಗ. ಅದಕ್ಕೆ ಆಧಾರ್ ಕಾರ್ಡ್ ಬೇಕೆಂದು ನಾನಂತೂ ಕೇಳಿರಲಿಲ್ಲ.

ಬೆಳಗಿನ ಗಾಳಿ ಕಿವಿ ಕೊರೆಯುತ್ತಿತ್ತು. ಸಿಂದಗಿಯಲ್ಲಿ ಇಳಿದು ಚಹಾ ಕುಡಿದು, ಇಪ್ಪತ್ತು ರೂಪಾಯಿ ಕೊಟ್ಟು ಟಂಟಂ ಆಟೋ ಹತ್ತಿದೆ. ಮನೆಗೂ ಹೋಗದೆ ನೇರ ಹೊಲಕ್ಕೆ ಹೋದೆ. ರಸ್ತೆಗೆ ಹತ್ತಿದ ಕಪ್ಪು ಮಣ್ಣಿನ ಎರೆ ಹೊಲ, ಎದೆಮಟ್ಟ ಜೋಳ. ಸುತ್ತಲಿನ ಗಡಿಯ ಬಾಂದಗಲ್ಲುಗಳಿಗೆಲ್ಲ ಯಾರೋ ಬಿಳಿ ಬಣ್ಣ ಬಳಿದಿದ್ದರು. ಒಂದರ ಮೇಲೆ ಬೆರಳು ಒತ್ತಿ ನೋಡಿದೆ.

“ಸೋಲಾರ್‌ದವರು ಹಚ್ಯಾರ,” ಎಂದ ಹೊಲದಲ್ಲೇ ಇದ್ದ ಸಿದ್ದು, ನನ್ನ ಮುಖ ನೋಡದೆ. “ಹೊಲಾ ಲೀಜಿಗೆ ಕೇಳ್ಯಾರ. ಪಹಣಿ ಉತಾರದಾಗ ನಿನ್ನ ಹೆಸರೂ ಐತೆಲ್ಲ, ನಿಂದೊಂದು ಸಹಿ ಆದ್ರ ಮುಗೀತು.”

“ಸಹಿಗಿಂತ ಮೊದಲ ಬಣ್ಣ ಬಂತೇನೋ?”

“ಸಿಟ್ಟಿಗೇಳಬ್ಯಾಡಕ್ಕಾ. ಎಣ್ಣಿ ಬಾವಿ ಇದ್ದ ಅರಬರ ದೇಶದಾಗೂ ಈಗ ಇದ ನಡದೈತಂತ. ಸೋಲಾರ್ ಏಜೆಂಟ್ ವಿಡಿಯೋ ತೋರ್ಸ್ಯಾನ. ಅವರೇನು ಹುಚ್ಚರ?”

ಅದೇ ನನ್ನ ತಲೆಯಲ್ಲಿ ಮುಳ್ಳಿನಂತೆ ನಟ್ಟಿತು. ಮನೆಯಲ್ಲಿ ಎಣ್ಣೆಯ ಕೊಡ ತುಂಬಿರುವವರು ಬಿಸಿಲಿಗೆ ಯಾಕೆ ಕೈ ಒಡ್ಡುತ್ತಾರೆ? ಎಲ್ಲೋ ಏನೋ ಮೋಸವಿದೆ. ಹೊಲಕ್ಕೆ ತಂತಿಬೇಲಿ ಬಿಗಿದ ಮೇಲೆ ಚರಗ ಎಲ್ಲಿ ಚೆಲ್ಲುವುದು ಎಂದೆ. “ಅದಕ್ಕ ವರ್ಷಾ ಗೇಟ್ ತೆಗೀತೇವಿ ಅಂತ ಮಾತ ಕೊಟ್ಟಾನಕ್ಕಾ,” ಎಂದ. ಇಪ್ಪತ್ತೆಂಟು ವರ್ಷದ ಲೀಜಿಗೆ ಈ ಪುಣ್ಯಾತ್ಮ ಒಪ್ಪಿದ್ದು ಆ ಒಂದು ಬಾಯಿಮಾತಿನ ಮೇಲೆ! ವಿಡಿಯೋ ಯಾರದು ಎಂದು ಕೇಳಿದೆ. ಮುದ್ದೇಬಿಹಾಳದ ಸಂಗಪ್ಪನದಂತೆ. ಸಿದ್ದುವಿನ ಜೊತೆ ಸಾಲಿ ಕಲಿತವನು, ಆ ದೇಶದ ಸೋಲಾರ್ ಸ್ಥಾವರದಲ್ಲೇ ದುಡಿದು ಬಂದವನು. ಅವನನ್ನೇ ಕೇಳಿ ಬರುತ್ತೇನೆಂದೆ. “ನಿನ್ನ ಸಂಶಯಕ್ಕ ಔಷಧ ಇಲ್ಲ ಬಿಡು,” ಎಂದ ತಮ್ಮ.

ಮರುದಿನ ದೇವರ ಹಿಪ್ಪರಗಿಯಲ್ಲಿ ಬಸ್ ಬದಲಿಸಿದೆ. ಸಂತೆಗೆ ಬಂದವರ ತೊಗರಿ ಚೀಲಗಳ ನಡುವೆ ಒಂಟಿಕಾಲಿನಲ್ಲಿ ನಿಂತು ಬಸವನ ಬಾಗೇವಾಡಿ ಮುಟ್ಟುವಷ್ಟರಲ್ಲಿ ಸೊಂಟ ಸೋತಿತ್ತು. ಅಲ್ಲಿನ ಖಾನಾವಳಿಯಲ್ಲಿ ಖಡಕ್ ರೊಟ್ಟಿ, ಝುಣಕ, ಶೇಂಗಾ ಚಟ್ನಿ ಉಂಡು ಮೇಲೆ ಮಜ್ಜಿಗೆ ಕುಡಿದ ಮೇಲೆ ಜೀವ ಬಂತು. ಮುದ್ದೇಬಿಹಾಳದ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ದಾರಿಯಲ್ಲಿ ಗಾಳಿಯಂತ್ರದ ರೆಕ್ಕೆಗಳು ಸೋಮಾರಿಯಾಗಿ ತಿರುಗುತ್ತಿದ್ದವು. ಬಹಳ ದೂರದಲ್ಲಿ ಕಲ್ಲಿದ್ದಲು ಸ್ಥಾವರದ ಹೊಗೆ ಮಸುಕಾಗಿ ಕಾಣುತ್ತಿತ್ತು. ಪಕ್ಕದ ಹೆಂಗಸು ನನ್ನ ಕಣ್ಣು ಹೋದ ಕಡೆ ನೋಡಿ, “ಇಷ್ಟೆಲ್ಲಾ ಕರೆಂಟ್ ಇಲ್ಲೇ ಹುಟ್ಟತೈತ್ರಿ, ನಮ್ಮ ಪಂಪಿಗೆ ಮಾತ್ರ ಹೊತ್ತಲ್ಲದ ಹೊತ್ತಿನ್ಯಾಗ ಬರತೈತಿ,” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಸಂಗಪ್ಪ ಮನೆಯ ಕಟ್ಟೆಯ ಮೇಲೆ ಸಿಕ್ಕ. ಅಚ್ಚುಕಟ್ಟಾದ ಮನುಷ್ಯ, ಕೈಯಲ್ಲಿ ದೊಡ್ಡ ಗಡಿಯಾರ. ನಾನು ತಂದ ನಿಂಬೆಹಣ್ಣಿನ ಶರಬತ್ತನ್ನೇ ಅವನ ಹೆಂಡತಿ ಮಾಡಿಕೊಟ್ಟಳು. ಸುತ್ತು ಬಳಸದೆ ಕೇಳಿದೆ: “ಎಣ್ಣಿ ಇದ್ದವರು ಬಿಸಲಿನ ಕರೆಂಟ್ ಯಾಕ ಮಾಡ್ತಾರಪ್ಪಾ?”

“ಅಲ್ಲಿ ಬ್ಯಾಸಿಗ್ಯಾಗ ಏಸಿ ಬಂದ್ ಆದ್ರ ಮನಷಾ ಉಳಿಯಂಗಿಲ್ರಿ ಅಕ್ಕಾರ. ಊರಿಗೆ ಊರ ಏಸಿ. ಅದಕ್ಕೆಲ್ಲಾ ಎಣ್ಣಿ, ಗ್ಯಾಸ್ ಸುಡತಿದ್ರು. ಸುಟ್ಟದ್ದು ಹೋತು, ಹಡಗಿಗೆ ಹಾಕಿದ್ದು ರೊಕ್ಕ ಆತು. ಅದಕ್ಕ ಮನಿಗೆ ಬಿಸಲು, ಮಾರಾಕ ಎಣ್ಣಿ.”

“ಅಂದ್ರ ಚಲೋ ಹಣ್ಣು ಪ್ಯಾಟಿಗೆ, ಉಳಿದದ್ದು ಮನಿ ಉಪ್ಪಿನಕಾಯಿಗೆ!”

“ಬರೋಬ್ಬರಿ ಹೇಳಿದ್ರಿ.”

ರಾತ್ರಿ ಏನು ಮಾಡುತ್ತಾರೆ ಎಂದೆ. ಮತ್ತೆ ಗ್ಯಾಸೇ, ಈಗೀಗ ದೊಡ್ಡ ಬ್ಯಾಟರಿಗಳನ್ನೂ ತಂದಿಡುತ್ತಿದ್ದಾರೆ ಎಂದ. ಫೋನಿನಲ್ಲಿ ವಿಡಿಯೋ ತೋರಿಸಿದ. ಕಣ್ಣು ಹರಿಯುವಷ್ಟು ದೂರ ನೀಲಿ ಹಲಗೆಗಳು. ಬ್ರಷ್ ಕಟ್ಟಿದ ಯಂತ್ರವೊಂದು ಅವುಗಳ ಮೇಲಿನ ಮರಳನ್ನು ಗುಡಿಸುತ್ತ ಹೋಗುತ್ತಿತ್ತು. ನಿಜವೇ. ಇಷ್ಟು ದೂರ ಬಂದು ಸುಳ್ಳು ಸಿಗಲಿಲ್ಲವಲ್ಲ ಎಂದು ಒಳಗೊಳಗೇ ಕಸಿವಿಸಿಯಾಯಿತು.

“ನೀನೇನ ಕೆಲಸ ಮಾಡತಿದ್ದಿ?”

“ಗೇಟಿನ್ಯಾಗ ಇದ್ದೆರಿ. ಕೀಲಿ ನನ್ನ ಕಡೇನ.”

ನಾನು ಶರಬತ್ತಿನ ಲೋಟ ಕೆಳಗಿಟ್ಟೆ. “ಹೊರಗಿನವರಿಗೆ ತೆಗೀತಿದ್ದ್ಯಾ?”

ಸಂಗಪ್ಪ ಸ್ವಲ್ಪ ಹೊತ್ತು ಗಡಿಯಾರ ತಿರುಗಿಸಿಕೊಂಡ. “ಒಬ್ಬ ಮುದುಕ ಬರತಿದ್ದರಿ, ಒಂಟೆ ಹೊಡ್ಕೊಂಡು. ಅವರಪ್ಪನ ಕಾಲದಿಂದ ಬಾವಿಗೆ ಹೋಗೂ ದಾರಿ ಆ ಜಾಗದಾಗ ಇತ್ತಂತ. ಜಾಗಾ ತಗೊಳ್ಳೂವಾಗ ದಾರಿ ಬಿಡತೇವಿ ಅಂದಿದ್ರಂತ. ದಿನಾ ಬಂದು ತಂತಿ ಹಿಡಕೊಂಡು ನಿಲ್ಲತಿದ್ದ. ಸಾಹೇಬ್ರ ಹುಕುಂ ಇರಲಿಲ್ಲ. ನಾ ತೆಗೀಲಿಲ್ರಿ.”

“ಮಾತು ಕೊಟ್ಟಿದ್ರಲ್ಲೋ?”

“ಮಾತು ಕೊಟ್ಟವ ಬ್ಯಾರೆ, ಕೀಲಿ ಕೊಟ್ಟವ ಬ್ಯಾರೆ ಅಕ್ಕಾರ.”

ಅವನ ಹೊಲದ ಕತೆ ಕೇಳಿದೆ. ಬೆಳೆ ಬಾರದ ಕಲ್ಲಿನ ಮಡ್ಡಿಯನ್ನು ಸೋಲಾರಿಗೆ ಕೊಟ್ಟಿದ್ದಾನೆ. “ಎರಿ ಹೊಲ ಕೊಡಾಕ ನನಗೇನ ತಲಿ ಕೆಟ್ಟೈತೇನ್ರಿ?” ಇದನ್ನು ಏಜೆಂಟ್ ಯಾವ ವಿಡಿಯೋದಲ್ಲೂ ಹಾಕಿರಲಿಲ್ಲ. ಅಂದು ಅವರ ಮನೆಯಲ್ಲೇ ಉಳಿದೆ. ನಿದ್ದೆ ಹತ್ತಲಿಲ್ಲ. ನೋಡದ ದೇಶದ ಆ ಮುದುಕನ ಮೇಲೆ ಕನಿಕರ, ತಮ್ಮನ ಮೇಲೆ ಕೆಂಡದಂಥ ಸಿಟ್ಟು.

ಎಳ್ಳಮಾವಾಸ್ಯೆಯ ದಿನ ನಸುಕಿನ ಬಸ್ ಹಿಡಿದು ಕನ್ನೊಳ್ಳಿಗೆ ಬಂದಾಗ ಹೊಲದಲ್ಲಿ ಪೂಜೆ ಮುಗಿದಿತ್ತು. ಸಜ್ಜೆ ಕಡುಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ ಹರಡಿದ್ದರು. ನಡುವೆ ಕಂಬಳಿಯ ಮೇಲೆ ಏಜೆಂಟನೂ ಚಕ್ಕಳಮಕ್ಕಳ ಹಾಕಿ ಕೂತಿದ್ದ, ಮಗ್ಗುಲಲ್ಲಿ ಕಾಗದದ ಫೈಲು. ಹೊಲಕ್ಕೆ ಬಂದವರನ್ನು ಈ ದಿನ ಉಪವಾಸ ಕಳಿಸುವಂತಿಲ್ಲ. ನಾನೇ ಅವನಿಗೆ ಎರಡು ಕಡುಬು ಹೆಚ್ಚಿಗೆ ಬಡಿಸಿದೆ.

“ಎಣ್ಣಿ ದೇಶದ ವಿಷಯ ಖರೇ ಐತ್ರಿ, ಕೇಳಿ ಬಂದೆ,” ಎಂದೆ. ಅವನ ಮುಖ ಅರಳಿತು. “ನಮ್ಮದೂ ಮಡ್ಡಿ ಐತಿ, ತಗೋರಿ. ಅದಕ್ಕ ಈಗಲೇ ಸಹಿ ಮಾಡತೇನಿ.”

“ಅದು ಕರೆಂಟ್ ಲೈನಿಗೆ ದೂರ ಆಗತೈತ್ರಿ ಅಕ್ಕಾರ. ನಮಗ ಇದ ಬೇಕು.”

“ಹಂಗಾದ್ರ ವರ್ಷಾ ಚರಗಕ್ಕ ಗೇಟ್ ತೆಗೀತೇವಿ ಅಂತ ಕಾಗದದಾಗ ಬರೀರಿ.”

ಅವನು ಕಡುಬು ನುಂಗಿ ನಕ್ಕ. “ಅಂಥಾದ್ದೆಲ್ಲಾ ಕಾಗದದಾಗ ಬರಂಗಿಲ್ರಿ. ಬಾಯಿಮಾತು ಸಾಕಲ್ರಿ, ನಾವೇನು ಓಡಿ ಹೋಗತೇವಾ?”

“ಸಾಕ್ರಿ. ಹಂಗಾದ್ರ ನನ್ನ ಸಹೀನೂ ಬಾಯಿಮಾತಿನ್ಯಾಗ ತಗೋರಿ.”

ಏಜೆಂಟ್ ಸಿದ್ದುವಿನ ಮುಖ ನೋಡಿದ. ಸಿದ್ದು ನನ್ನ ಮುಖ ನೋಡಿದ, ಆಮೇಲೆ ಆ ಫೈಲನ್ನು ನೋಡಿದ. ಎದ್ದು ಚರಗದ ಬುಟ್ಟಿ ಎತ್ತಿಕೊಂಡು ಜೋಳದೊಳಗೆ ನಡೆದ. ನಾನು ನೀರಿನ ತಂಬಿಗೆ ಹಿಡಿದು ಹಿಂದೆ ಹೋದೆ. “ಹುಲ್ಲುಲ್ಲಿಗೋ!” ಎಂದು ಚರಗದ ಕೂಗು ಹಾಕಿದ ಅವನ ಧ್ವನಿ ಒಡೆದಿತ್ತು. ನಾಲ್ಕನೇ ಮೂಲೆಗೆ ಬರುವಷ್ಟರಲ್ಲಿ ಹಿಂದೆ ಇದೇ ಹೊಲದಲ್ಲಿ ಕೂಗುತ್ತಿದ್ದ ಅಪ್ಪನ ಧ್ವನಿಯಂತೆಯೇ ಕೇಳಿಸಿತು. ನನಗೆ ಅಳು ಬಂತು. ಏಜೆಂಟನ ಜೀಪು ಹೋದದ್ದು ಗೊತ್ತೇ ಆಗಲಿಲ್ಲ.

ಸಂಜೆ ಸಿಂದಗಿಗೆ ಹೊರಟ ಟಂಟಂನಿಂದ ತಿರುಗಿ ನೋಡಿದೆ. ಸಿದ್ದು ಕುಡುಗೋಲು ಹಿಡಿದು ರಸ್ತೆ ಬದಿಯ ಬಾಂದಗಲ್ಲಿನ ಮುಂದೆ ಕೂತಿದ್ದ. ಬಣ್ಣ ಕೆರೆಯುತ್ತಿದ್ದನೋ, ಸುಮ್ಮನೆ ಕೂತಿದ್ದನೋ, ಧೂಳಿನಲ್ಲಿ ತಿಳಿಯಲಿಲ್ಲ. ತಮ್ಮನೇ ಆದರೂ ಏನಂತೆ, ಮುಂದಿನ ವಾರ ಹೋಗಿ ಕಲ್ಲು ಮುಟ್ಟಿ ನೋಡಿ ಬರುತ್ತೇನೆ.