ಬಾಯಲ್ಲೇ ಓಡಿದ ಕಾರು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸಿ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು, ಪದಗಳೂ ಕಡಿಮೆ. ಒತ್ತಕ್ಷರದಲ್ಲಿ ಅನುಮಾನ ಬಂದಲ್ಲೆಲ್ಲ ದೊಡ್ಡಮ್ಮನನ್ನು ಕೇಳಿ ಬರೆದಿದ್ದೇನೆ. ದೊಡ್ಡಮ್ಮನಿಗೂ ಅನುಮಾನ ಬಂದಲ್ಲಿ ಬೇರೆ ಪದ ಹಾಕಿದ್ದೇನೆ. ಇದು ನನ್ನ ದೊಡ್ಡಪ್ಪನ ವಿಷಯ. ಊರಿನವರೆಲ್ಲ ಅವರನ್ನು ಕ್ಲಚ್ ಮಾಸ್ತರು ಎನ್ನುತ್ತಾರೆ. ದೊಡ್ಡಪ್ಪ ಎಂದು ಬರೆದರೆ ಎಲ್ಲಿ ಹೊಗಳಿಬಿಡುತ್ತೇನೋ ಎಂಬ ಹೆದರಿಕೆಯಿಂದ ನಾನೂ ಮಾಸ್ತರು ಎಂದೇ ಬರೆಯುತ್ತೇನೆ.

ಕ್ಲಚ್ ಮಾಸ್ತರು ಇಪ್ಪತ್ತಾರು ವರ್ಷಗಳಿಂದ ಕಾರು ಕಲಿಸುತ್ತಿದ್ದಾರೆ. ಅವರ ಶಾಲೆ ಎಂದರೆ ಬೀಗ ರಿಪೇರಿ ಅಂಗಡಿಯ ಪಕ್ಕದ ಒಂದೇ ಒಂದು ಕೋಣೆ. ಒಳಗೆ ಒಂದು ಮೇಜು, ಕಾಲು ಕುಂಟುವ ಒಂದು ಬೆಂಚು, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ. ಹೊರಗೆ ಒಂದು ಕಾರು. ಹಿಂದೊಮ್ಮೆ ಅದು ಬಿಳಿ ಇತ್ತು. ಕಲಿಯುವವರ ಪಕ್ಕದ ಸೀಟಿನ ಮುಂದೆ ಮಾಸ್ತರಿಗೆಂದೇ ಇನ್ನೊಂದು ಕ್ಲಚ್ಚು, ಇನ್ನೊಂದು ಬ್ರೇಕು. ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಕೆಟ್ಟು ಎಷ್ಟೋ ವರ್ಷವಾಗಿದೆ. ಮಾಸ್ತರು ಬೆಳಿಗ್ಗೆ ಕಾರಿನ ಹಿಂಬದಿಯನ್ನು ಎರಡೂ ಕೈಯಿಂದ ಕುಲುಕಿ, ಟ್ಯಾಂಕಿನ ಹತ್ತಿರ ಕಿವಿಯಿಟ್ಟು, ಒಳಗಿನ ಕುಲುಕಾಟ ಕೇಳಿಯೇ ಲೆಕ್ಕ ಹೇಳುತ್ತಿದ್ದರು.

ಕಲಿಸುವುದೂ ಕಿವಿಯಿಂದಲೇ. "ಕಣ್ಣು ರಸ್ತೆಗೆ, ಕಿವಿ ಇಂಜಿನ್‌ಗೆ," ಎನ್ನುವುದು ಅವರ ಮೊದಲ ಪಾಠ. "ಗೇರ್ ಯಾವಾಗ ಬದಲಾಯಿಸ್ಬೇಕು ಅಂತ ಗಾಡಿನೇ ಹೇಳುತ್ತೆ. ಗೊಣಗಿದ್ರೆ ಕೆಳಗಿನ ಗೇರ್, ಕಿರುಚಿದ್ರೆ ಮೇಲಿನ ಗೇರ್."

"ಇಪ್ಪತ್ತಾರು ವರ್ಷದಿಂದ ನಾನೂ ಗೊಣಗ್ತಿದ್ದೀನಿ," ಎಂದು ದೊಡ್ಡಮ್ಮ ಒಳಗಿನಿಂದ ಹೇಳುವುದಿತ್ತು. "ನನಗೆ ಯಾವ ಗೇರೂ ಹಾಕ್ಲಿಲ್ಲ."

ಹೀಗಿದ್ದಾಗ ಪೆಟ್ರೋಲ್ ಬೆಲೆ ಏರತೊಡಗಿತು. ಶಾಲೆಯ ಎದುರಿಗೇ ಪೆಟ್ರೋಲ್ ಬಂಕ್ ಇರುವುದರಿಂದ ಅದರ ಬೆಲೆಯ ಫಲಕ ಕುಂಟು ಬೆಂಚಿನಿಂದ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮೊದಲು ಆ ಫಲಕ ನೋಡುವುದು ರೂಢಿಯಾಯಿತು. ಅಂಕಿ ಬದಲಾದ ದಿನ ಬೀದಿಯಲ್ಲಿ ಯಾರೂ ಯಾರಿಗೂ ಸರಿಯಾಗಿ ಉತ್ತರ ಕೊಡುತ್ತಿರಲಿಲ್ಲ. ಬಂಕಿನ ಹುಡುಗಿಯ ಮೇಲೆ, ಅವಳೇ ಬಾವಿ ತೋಡಿ ಎಣ್ಣೆ ತೆಗೆದು ಬೆಲೆ ಕಟ್ಟಿದವಳೆಂಬಂತೆ, ಬಂದವರೆಲ್ಲ ರೇಗುತ್ತಿದ್ದರು. ಅವಳು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದಳು: "ಸೊನ್ನೆ ನೋಡ್ಕೊಳ್ಳಿ ಸರ್."

ಬೆಂಚಿನ ಮೇಲೆ ದಿನವೂ ಕೂರುತ್ತಿದ್ದವರು ಪೋಸ್ಟ್ ಅಜ್ಜ. ನಲವತ್ತು ವರ್ಷ ಸೈಕಲ್ ತುಳಿದು ಕಾಗದ ಹಂಚಿ, ನಿವೃತ್ತಿಯಾದ ಮೇಲೆ ಕಾರು ಕಲಿಯಲು ಬಂದವರು. ತೆರಿಗೆಯ ವಿಷಯವನ್ನು ಅವರು ಎಲ್ಲರಿಗೂ ತಿಳಿಯುವಂತೆ ಬಿಡಿಸಿ ಹೇಳುತ್ತಿದ್ದರು.

"ನೋಡಿ ಮಾಸ್ತರೇ, ನಾವು ಕೊಡೋ ದುಡ್ಡಲ್ಲಿ ಅರ್ಧ ಎಣ್ಣೆಗೆ, ಅರ್ಧ ತೆರಿಗೆಗೆ. ಅಂದ್ರೆ ನಾವು ಎಲ್ಲಿಗೆ ಹೋದ್ರೂ ಸರ್ಕಾರ ಜೊತೆಗೇ ಕೂತ್ಕೊಂಡು ಬರುತ್ತೆ. ಗಾಡಿ ಕೆಟ್ಟು ನಿಂತಾಗ ಮಾತ್ರ ಇಳಿದು ತಳ್ಳಲ್ಲ."

ಮಾಸ್ತರು ನಗಲಿಲ್ಲ. ಕಲಿಯುವವರಿಂದ ಹೆಚ್ಚು ಶುಲ್ಕ ಕೇಳಿದರೆ ಅವರು ಬರುವುದಿಲ್ಲ. ಕೇಳದಿದ್ದರೆ ಕಾರು ಹೊರಡುವುದಿಲ್ಲ. ಎರಡು ದಿನ ಊಟದ ಮುಂದೆ ಕೂತು ಯೋಚಿಸಿ, ಮೂರನೇ ದಿನ ಹೊಸ ಪದ್ಧತಿ ಶುರುಮಾಡಿದರು. ಭಾನುವಾರ ಒಂದು ಸುತ್ತು ನಿಜವಾದ ರಸ್ತೆಯಲ್ಲಿ. ಉಳಿದ ಆರು ದಿನ ಪಾಠ ನಿಂತ ಕಾರಿನಲ್ಲಿ.

"ಇಂಜಿನ್ ಆಫ್ ಇದ್ರೆ ಕಿವಿಗೆ ಏನು ಕೇಳ್ಬೇಕು?" ಎಂದು ಪೋಸ್ಟ್ ಅಜ್ಜ ಕೇಳಿದರು.

"ಬಾಯಿ ಇದ್ಯಲ್ಲ," ಎಂದರು ಮಾಸ್ತರು. "ಒಂದನೇ ಗೇರಿಗೆ ಗೊರ್ರ್. ಎರಡನೇದಕ್ಕೆ ಊಂ. ಮೂರನೇದು ಸ್ವಲ್ಪ ಮೇಲೆ. ಸದ್ದು ನೀವೇ ಮಾಡಿ, ನೀವೇ ಕೇಳಿ, ನೀವೇ ಗೇರ್ ಹಾಕಿ."

ಮೊದಮೊದಲು ಬೀಗದ ಅಂಗಡಿಯವರು ಕೆಲಸ ಬಿಟ್ಟು ಬಂದು ನೋಡುತ್ತಿದ್ದರು. ಅಲ್ಲಾಡದ ಕಾರಿನಲ್ಲಿ ಎಪ್ಪತ್ತರ ಅಜ್ಜ ತಿರುವು ಬಂತೆಂದು ಸ್ಟೇರಿಂಗ್ ತಿರುಗಿಸಿ, ಎದೆ ತುಂಬ ಉಸಿರು ತೆಗೆದು, ಮೂರನೇ ಗೇರಿಗೆ ಏರುವುದು ನೋಡಬೇಕಾದದ್ದೇ. ಏರಿ ಬರುವಷ್ಟರಲ್ಲಿ ಕೆಮ್ಮು. "ಅಜ್ಜನ ಇಂಜಿನ್‌ಗೆ ಆಯಿಲ್ ಬದಲಾಯಿಸ್ಬೇಕು," ಎಂದು ಬೀಗದವರು ಹೇಳಿ ಹೋಗುತ್ತಿದ್ದರು.

ಆದರೆ ಎಲ್ಲರಿಗಿಂತ ಚೆನ್ನಾಗಿ ಸದ್ದು ಬಂದದ್ದು ಹೊಲಿಗೆ ಅಕ್ಕನಿಗೆ. ಅವರು ಹಿಂದಿನ ಬೀದಿಯವರು. ಸಿದ್ಧ ಉಡುಪು ಬಂದ ಮೇಲೆ ಹೊಲಿಸುವವರು ಕಡಿಮೆಯಾಗಿ, ಈಗ ಬರುವುದು ಜಿಪ್ ಹಾಕುವುದು, ಅಂಚು ಮಡಿಸುವುದು ಇಷ್ಟೇ. ಮಕ್ಕಳ ಶಾಲೆಯೊಂದರ ವ್ಯಾನ್ ಓಡಿಸುವ ಕೆಲಸ ಖಾಲಿ ಇತ್ತು. ಶುಕ್ರವಾರ ಬೆಳಿಗ್ಗೆಯೊಳಗೆ ಲೈಸೆನ್ಸ್ ತೋರಿಸಿದರೆ ಕೆಲಸ ನಿಮಗೇ, ಇಲ್ಲದಿದ್ದರೆ ಇನ್ನೊಬ್ಬರು ಕಾಯುತ್ತಿದ್ದಾರೆ ಎಂದು ಶಾಲೆಯವರು ಹೇಳಿದ್ದರು. ಪರೀಕ್ಷೆ ಇದ್ದದ್ದು ಗುರುವಾರ.

ವರ್ಷಗಟ್ಟಲೆ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿ ಅಭ್ಯಾಸವಿದ್ದುದರಿಂದ ಹೊಲಿಗೆ ಅಕ್ಕ ಬಾಯಿ ತೆರೆಯದೆ ಮೂಗಿನಿಂದಲೇ ಇಂಜಿನ್ ಹೊರಡಿಸುತ್ತಿದ್ದರು. ಕಣ್ಣು ಮುಚ್ಚಿ ಕೇಳಿದರೆ ಹೊಸ ಕಾರು. ಮಾಸ್ತರಿಗೆ ಹೆಮ್ಮೆಯೂ ಆಗುತ್ತಿತ್ತು, ಒಳಗೊಳಗೇ ಅಳುಕೂ ಆಗುತ್ತಿತ್ತು. ಬುಧವಾರ ಸಂಜೆ ದೊಡ್ಡಮ್ಮನ ಮುಂದೆ ಬಾಯಿಬಿಟ್ಟರು.

"ನಿಂತಿರೋ ಕಾರಲ್ಲಿ ಕಲಿಸಿದ್ದನ್ನ ಕಲಿಸಿದ್ದು ಅನ್ನೋಕಾಗುತ್ತೇನೇ? ನಾಳೆ ಆಕೆ ಫೇಲಾದ್ರೆ ಕೆಲಸ ತಪ್ಪಿಸಿದವನು ನಾನೇ ತಾನೆ?"

"ಫೇಲಾದ್ಮೇಲೆ ಅಳೋಣ," ಎಂದರು ದೊಡ್ಡಮ್ಮ. "ಈಗ ಊಟ ಮಾಡಿ."

ಗುರುವಾರ ಬೆಳಿಗ್ಗೆ ಫಲಕದ ಅಂಕಿ ಮತ್ತೆ ಬದಲಾಗಿತ್ತು. ಆ ವಾರವೆಲ್ಲ ಬಂಕಿನ ಮುಂದೆ ಪ್ರತಿಭಟನೆ. ಕಾರು, ಸ್ಕೂಟರ್, ಸಾಮಾನಿನ ಗಾಡಿ ಇದ್ದವರೆಲ್ಲ ಇಂಜಿನ್ ಆರಿಸಿ, ಕೈಯಿಂದ ತಳ್ಳಿಕೊಂಡು, "ತೆರಿಗೆ ಇಳಿಸಿ, ಇಲ್ಲಾ ನೀವೇ ತಳ್ಳಿ" ಎಂದು ಕೂಗುತ್ತಾ ಹೋಗುತ್ತಿದ್ದರು. ಆ ಗಲಾಟೆಯಲ್ಲೇ ಮಾಸ್ತರು ಕಾರು ಕುಲುಕಿ ಕಿವಿಯಿಟ್ಟರು. ಏನೋ ಕುಲುಕಿದಂತಾಯಿತು. "ಸಾಕು, ಹೋಗಿ ಬರೋಷ್ಟಿದೆ," ಎಂದರು. ಕುಲುಕಿದ್ದು ಟ್ಯಾಂಕಲ್ಲ, ಡಿಕ್ಕಿಯಲ್ಲಿದ್ದ ನೀರಿನ ಬಾಟಲಿ ಎಂದು ಆಮೇಲೆ ಗೊತ್ತಾಯಿತು.

ಲೈಸೆನ್ಸ್ ಕಚೇರಿ ಬಂಕಿನ ಹಿಂದಿನ ದಿಬ್ಬದ ನೆತ್ತಿಯಲ್ಲಿದೆ. ದಿಬ್ಬ ಇಳಿದು, ಕೆಳಗಿನ ಬಿಳಿ ಗೆರೆಯ ಮೇಲೆ ನಿಲ್ಲಿಸಿ, ತಿರುಗಿಸಿಕೊಂಡು ಮೇಲೆ ಬರುವುದೇ ಪರೀಕ್ಷೆ. ಇನ್‌ಸ್ಪೆಕ್ಟರ್ ಮುಂದೆ ಕೂತರು, ಮಾಸ್ತರು ಹಿಂದೆ. ಕಲಿಸಿದವರು ಪರೀಕ್ಷೆಯ ಹೊತ್ತಿನಲ್ಲಿ ಒಂದು ಮಾತೂ ಆಡಬಾರದು, ಆಡಿದರೆ ಪರೀಕ್ಷೆ ರದ್ದು.

ಹೊಲಿಗೆ ಅಕ್ಕ ಕಾರು ಹೊರಡಿಸಿದರು. ಜೊತೆಗೆ ತಾವೂ ಹೊರಟರು.

"ಏನಮ್ಮಾ, ಹಾಡ್ತಾ ಇದ್ದೀರಾ?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಇಲ್ಲ ಸರ್. ಒಂದನೇ ಗೇರ್."

ಅವರಿಗೆ ಏನು ಅರ್ಥವಾಯಿತೋ, ತಲೆ ಬಗ್ಗಿಸಿ ಅರ್ಜಿಯಲ್ಲಿ ಬರೆಯತೊಡಗಿದರು. ಇಳಿಜಾರು ಶುರುವಾಗುವ ಕಡೆ ದೀಪದ ಕಂಬವೊಂದಿದೆ. ಅಲ್ಲಿಗೆ ಬಂದಾಗ ಹಿಂದಿದ್ದ ಮಾಸ್ತರ ಕಿವಿ ನೆಟ್ಟಗಾಯಿತು. ಇಂಜಿನ್ ಎರಡು ಸಲ ಬಿಕ್ಕಳಿಸಿ ಸತ್ತಿತ್ತು. ಎಣ್ಣೆ ಮುಗಿದಿದೆ. ಗಾಡಿ ಬರೀ ಇಳಿಜಾರಿನ ದಯೆಯಿಂದ ಉರುಳುತ್ತಿದೆ.

ಹೊಲಿಗೆ ಅಕ್ಕನಿಗೆ ಅದು ಗೊತ್ತೇ ಆಗಲಿಲ್ಲ. ಅವರ ಇಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ಎರಡನೇ ಗೇರಿಗೆ ಹಾಕಿ, ಕನ್ನಡಿ ನೋಡಿ, ಕೈಗಾಡಿಯವನಿಗೆ ದಾರಿ ಬಿಟ್ಟು, ಮೂಗಿನಲ್ಲಿ ಊಂ ಎನ್ನುತ್ತಾ ಇಳಿಯುತ್ತಿದ್ದರು. ನಡುದಾರಿಯಲ್ಲಿ ಅವರಿಗೆ ಉಸಿರು ಸಾಲದಾಯಿತು. ಸದ್ದು ನಿಂತರೆ ಎಲ್ಲ ಬಯಲಾಗುತ್ತದೆಂದು ಮಾಸ್ತರಿಗೆ ಗೊತ್ತು. ಮಾತಾಡುವಂತಿಲ್ಲ, ಆದರೆ ಸದ್ದು ಮಾಡಬಾರದೆಂದು ನಿಯಮದಲ್ಲಿ ಎಲ್ಲಿಯೂ ಇಲ್ಲ. ಇಪ್ಪತ್ತಾರು ವರ್ಷ ಮರ್ಯಾದೆಯಿಂದ ಬಾಳಿದ ಕ್ಲಚ್ ಮಾಸ್ತರು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಎರಡನೇ ಗೇರಾದರು.

ಕಾರು ಬಿಳಿ ಗೆರೆಯ ಮೇಲೆ, ಬಟ್ಟೆಗೆ ಅಂಚು ಹಿಡಿದಷ್ಟು ನೇರವಾಗಿ ನಿಂತಿತು.

"ಭೇಷ್," ಎಂದರು ಇನ್‌ಸ್ಪೆಕ್ಟರ್. "ಈಗ ತಿರುಗಿಸಿ ಮೇಲೆ ಹತ್ತಿಸಿ."

ಹೊಲಿಗೆ ಅಕ್ಕ ಗೊರ್ರ್ ಎಂದರು. ಕಾರು ಏನೂ ಅನ್ನಲಿಲ್ಲ. ಕೀಲಿ ತಿರುಗಿಸಿದರು, ಕೆರೆದಂತಾಗಿ ಸುಮ್ಮನಾಯಿತು.

"ಯಾವಾಗ ಆಫ್ ಆಯ್ತು ಇದು?"

ಮಾಸ್ತರು ಎದ್ದು ನಿಲ್ಲಲು ಹೋಗಿ ತಲೆ ಚಚ್ಚಿಸಿಕೊಂಡರು. "ಮೇಲೆ ದೀಪದ ಕಂಬದ ಹತ್ತಿರ ಸರ್."

"ಅಲ್ಲಿಂದ ಇಲ್ಲಿವರೆಗೆ ಸದ್ದು ಬಂತಲ್ರೀ?"

"ಅದು ನಾವು ಸರ್. ಮೊದಲು ಇವರು. ಆಮೇಲೆ ನಾನೂ ಸೇರ್ಕೊಂಡೆ."

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು. ಮಾಸ್ತರು ಏನೂ ಬಚ್ಚಿಡದೆ ಬೆಲೆ, ತೆರಿಗೆ, ನಿಂತ ಕಾರಿನ ಪಾಠ, ನಾಳೆ ಬೆಳಗಿನ ವ್ಯಾನು, ಎಲ್ಲವನ್ನೂ ಹೇಳಿದರು. "ತಪ್ಪು ನನ್ನದು ಸರ್. ಆಕೆ ಕೈಲಿ ಕೆಲಸ ಇದೆ. ಗಾಡೀಲಿ ಎಣ್ಣೆ ಇಲ್ಲ, ಅಷ್ಟೇ."

"ಕಚೇರಿ ಒಂದು ಗಂಟೆಗೆ ಮುಚ್ಚುತ್ತೆ," ಎಂದರು ಇನ್‌ಸ್ಪೆಕ್ಟರ್. ಗಡಿಯಾರ ನೋಡಿದರು. "ಇಳಿಯೋಕೆ ಬಾಯಿ ಸಾಕು, ಹತ್ತೋಕೆ ಎಣ್ಣೆನೇ ಬೇಕು. ಬಂಕ್ ಅಲ್ಲೇ ಇದೆ. ಬೇಗ ಹಾಕಿಸ್ಕೊಂಡು ಬನ್ನಿ."

ಮಾಸ್ತರೊಬ್ಬರೇ ತಳ್ಳಿದರೆ ಕಾರು ಅಲುಗಲಿಲ್ಲ. ಇನ್‌ಸ್ಪೆಕ್ಟರ್ ಸುತ್ತಮುತ್ತ ನೋಡಿ, ಅರ್ಜಿಯನ್ನು ಕಂಕುಳಲ್ಲಿ ಸಿಕ್ಕಿಸಿ, ತಾವೂ ಹೆಗಲು ಕೊಟ್ಟರು. ಹೊಲಿಗೆ ಅಕ್ಕ ಸ್ಟೇರಿಂಗ್ ಹಿಡಿದರು. ಹೀಗೆ ತಿರುವು ದಾಟಿದ್ದೇ ತಡ, ಪ್ರತಿಭಟನೆಯ ನಟ್ಟನಡುವೆ ಬಂದುಬಿಟ್ಟರು. ಕಾರು ತಳ್ಳಿಕೊಂಡು ಬರುವವರು ಇನ್ಯಾಕೆ ಬಂದಾರು? ಜನ ಚಪ್ಪಾಳೆ ಹೊಡೆದು ದಾರಿ ಬಿಟ್ಟರು. ತಳ್ಳುವವರ ಮೈಮೇಲಿದ್ದ ಸಮವಸ್ತ್ರವನ್ನು ಮೊದಲು ಕಂಡವರು ಪೋಸ್ಟ್ ಅಜ್ಜ.

"ನೋಡ್ರಪ್ಪಾ, ಕೊನೆಗೂ ಸರ್ಕಾರ ಇಳಿದು ತಳ್ತಾ ಇದೆ."

ಜನರ ಉತ್ಸಾಹ ಹೇಳತೀರದು. ಹತ್ತಾರು ಕೈ ಸೇರಿ ಕಾರು ಸರಸರನೆ ಬಂಕಿನೊಳಕ್ಕೆ ಬಂತು. ಯಾರೋ ಇನ್‌ಸ್ಪೆಕ್ಟರ್ ಕೈಗೆ ಘೋಷಣೆ ಬರೆದ ಫಲಕವೊಂದನ್ನು ಕೊಟ್ಟರು. ಏನೆಂದು ಓದುವ ಮೊದಲೇ ಅವರು ಅದನ್ನು ಹಿಡಿದಾಗಿತ್ತು. ಓದಿದ ಮೇಲೆ ತಿರುಗಿಸಿ ಹಿಡಿದರು. "ನನ್ನ ಸ್ಕೂಟರೂ ಮನೇಲೇ ನಿಂತಿದೆ, ಹದಿನೈದು ದಿನದಿಂದ ನಡ್ಕೊಂಡೇ ಬರ್ತಿದ್ದೀನಿ," ಎಂದು ಮಾಸ್ತರ ಕಿವಿಯಲ್ಲಿ ಹೇಳಿದರು. "ಇದನ್ನ ಎಲ್ಲೂ ಹೇಳ್ಬೇಡಿ."

ಬಂಕಿನ ಹುಡುಗಿ ಬಂದಳು. "ಎಷ್ಟಕ್ಕೆ ಸರ್?"

ಮಾಸ್ತರು ಬೆಲೆಯ ಫಲಕ ನೋಡಿದರು. ಸ್ಟೇರಿಂಗ್ ಹಿಡಿದು ಕೂತಿದ್ದ ಹೊಲಿಗೆ ಅಕ್ಕನನ್ನು ನೋಡಿದರು. "ಫುಲ್," ಎಂದರು.

ಆ ಮಾತು ಅವರ ಬಾಯಿಂದ ಬಂದು ಎರಡು ವರ್ಷವಾಗಿತ್ತು. ಹುಡುಗಿ ನಂಬಿಕೆಯಾಗದೆ ಇನ್ನೊಮ್ಮೆ ಕೇಳಿದಳು. "ಫುಲ್ಲೇ ಕಣಮ್ಮಾ." ಪ್ರತಿಭಟನೆಯವರೂ ಒಂದು ಗಳಿಗೆ ಕೂಗು ನಿಲ್ಲಿಸಿ ನೋಡಿದರು.

"ಸೊನ್ನೆ ನೋಡ್ಕೊಳ್ಳಿ ಸರ್."

"ನೋಡಲ್ಲ," ಎಂದರು ಮಾಸ್ತರು. "ನೋಡಿದ್ರೆ ಮನಸ್ಸು ಬದಲಾಗುತ್ತೆ."

ಹನ್ನೆರಡೂವರೆಗೆ ಕಾರು ದಿಬ್ಬದ ಬುಡದಲ್ಲಿತ್ತು. ಹೊಲಿಗೆ ಅಕ್ಕ ಒಂದನೇ ಗೇರ್ ಹಾಕಿ ಹೊರಟರು, ಮೂಗೂ ಹೊರಟಿತು.

"ಈಗ ನಿಜವಾದ ಇಂಜಿನ್ ಇದ್ಯಲ್ಲಮ್ಮಾ, ಬಾಯಿ ಮುಚ್ಚಿ ಓಡ್ಸಿ," ಎಂದರು ಇನ್‌ಸ್ಪೆಕ್ಟರ್.

"ಮುಚ್ಚೇ ಇದೆ ಸರ್."

"ಹಾಗಲ್ಲ, ಸದ್ದು ನಿಲ್ಲಿಸಿ."

ನಿಲ್ಲಿಸಿದರು. ಕೈ ಗೇರ್ ಹುಡುಕತೊಡಗಿತು, ಕಾಲು ತಡವರಿಸಿತು, ಕಾರು ಕುಪ್ಪಳಿಸಿ ಆರಿ ಹೋಯಿತು. ಏರಿನ ನಡುವೆ ಹಿಂದಕ್ಕೆ ಜಾರುವುದರೊಳಗೆ ಹೊಲಿಗೆ ಅಕ್ಕ ಹೇಗೋ ಹ್ಯಾಂಡ್‌ಬ್ರೇಕ್ ಎಳೆದರು. ಅವರ ಕಣ್ಣಲ್ಲಿ ನೀರು. ಮಾಸ್ತರು ಹಿಂದೆ ತುಟಿ ಕಚ್ಚಿ ಕೂತಿದ್ದರು. ಒಂದು ಸದ್ದು ಹೊರಟರೂ ಈ ಸಲ ಅದು ಮಾತಿಗೇ ಸಮ.

ಇನ್‌ಸ್ಪೆಕ್ಟರ್ ಕಿಟಕಿಯಾಚೆ ನೋಡುತ್ತಾ ಹೇಳಿದರು, "ಸರಿ. ಮಾಡಿ."

ಹೊಲಿಗೆ ಅಕ್ಕ ಕೀಲಿ ತಿರುಗಿಸಿ ಮೂಗಿನಲ್ಲಿ ಗೊರ್ರ್ ಎಂದರು, ಇಂಜಿನ್ ಗೊರ್ರ್ ಎಂದಿತು. ಎರಡೂ ಸದ್ದು ಒಂದಾದ ಗಳಿಗೆಯಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟರು. ಕಾರು ಒಂದು ಗೇಣೂ ಹಿಂದೆ ಬರಲಿಲ್ಲ. ದೀಪದ ಕಂಬ ದಾಟಿ, ಕಚೇರಿಯ ಗೇಟಿನೊಳಗೆ ನಿಂತಾಗ ಒಂದಕ್ಕೆ ಹತ್ತು ನಿಮಿಷ ಇತ್ತು. ಅರ್ಜಿಯಲ್ಲಿ ಇನ್‌ಸ್ಪೆಕ್ಟರ್ ಬರೆದದ್ದನ್ನು ಮಾಸ್ತರು ಈಗಲೂ ಬಾಯಿಪಾಠ ಹೇಳುತ್ತಾರೆ: "ಪಾಸ್. ಚಾಲನೆ ಸರಿಯಿದೆ. ಸದ್ದು ಸ್ವಲ್ಪ ಹೆಚ್ಚು."

ಶುಕ್ರವಾರ ಬೆಳಿಗ್ಗೆ ಹೊಲಿಗೆ ಅಕ್ಕ ಲೈಸೆನ್ಸ್ ತೋರಿಸಿ ವ್ಯಾನ್ ಹತ್ತಿದರು. ಈಗ ಅವರು ಗೇರ್ ಬದಲಾಯಿಸಿದಾಗ ವ್ಯಾನಿನ ಮಕ್ಕಳೆಲ್ಲ ಸೇರಿ ಊಂ ಎನ್ನುತ್ತಾರೆ. ಎರಡು ಬೀದಿ ಆಚೆಯಿಂದಲೇ ಶಾಲೆಯ ವ್ಯಾನ್ ಬಂತೆಂದು ಗೊತ್ತಾಗುತ್ತದೆ. ಫಲಕದ ಅಂಕಿ ಇಳಿದಿಲ್ಲ. ಮಾಸ್ತರು ಮಾತ್ರ ಪರೀಕ್ಷೆಯ ಹಿಂದಿನ ಮೂರು ದಿನ ಎಲ್ಲರಿಗೂ ನಿಜವಾದ ರಸ್ತೆ ಎಂದು ನಿಯಮ ಮಾಡಿದ್ದಾರೆ. ಕಾರು ಕುಲುಕುವ ಮೊದಲು ನೀರಿನ ಬಾಟಲಿ ತೆಗೆದಿಡುತ್ತಾರೆ.

ಕಾರು ಒರೆಸುವಾಗ ಯಾರೂ ಇಲ್ಲದ ಹೊತ್ತು ನೋಡಿ ನಾನೂ ಸದ್ದು ಮಾಡಿ ನೋಡಿದ್ದೇನೆ. ಒಂದನೇ ಗೇರ್ ಸರಿಯಾಗಿ ಬರುತ್ತದೆ. ನನಗೆ ಹದಿನೆಂಟು ತುಂಬಲು ಇನ್ನು ಹತ್ತು ತಿಂಗಳಿದೆ. ನಾಳೆ ಬೆಳಿಗ್ಗೆ ಆರು ಗಂಟೆಗೆ, ಅಂಗಡಿಯವರು ಬರುವ ಮೊದಲು, ನಿಂತ ಕಾರಿನಲ್ಲಿ ಕೂತು ಎರಡನೇ ಗೇರ್ ಅಭ್ಯಾಸ ಮಾಡುತ್ತೇನೆ.